ಎಡದಿಂದ ಓದಿದ ಜಪಾನಿ ಕತಿ

ಇಲ್ಲ ಮುಬಾಶಿರಾ, ಈ ಕತಿ ನನಗ ಮೊದಲು ಹೇಳಿದಾಕಿ ನೀನ. ನೆನಪು ಮಾಡ್ಕೊ. ನಿಮ್ಮಪ್ಪ ಮೆಹಬೂಬಸಾಬನ ಹೊಲಿಗಿ ಅಂಗಡ್ಯಾಗ ಕುಂತು, "ಕೊಟ್ರಬಸಪ್ಪ ಕಾಕಾ, ಬರೇ ಪುರಾಣ ಕೇಳಿ ಕೇಳಿ ಬ್ಯಾಸರ ಆಗಂಗಿಲ್ಲೇನ್ರಿ? ಇದನ್ನೊಮ್ಮೆ ನೋಡ್ರಿ, ಜಪಾನಿನ ಚಿತ್ರಕತಿ. ಗಂಡ, ಜಡ್ಡಿನ ಹೆಂಡ್ತಿ, ಒಂದು ಮನಿ, ಅಷ್ಟ. ಆದ್ರ ಅಂಜಿಕಿ ಅಂದ್ರ ಅಂಜಿಕಿ! ಇಂಗ್ಲೀಷ ಬರದಿದ್ರೂ ಚಿತ್ರನ ಹೇಳ್ತಾವ" ಅಂದಾಕಿ ನೀನ ಹೌದಲ್ಲ? ಗ್ವಾಡಿಗೆ ಕಿವಿ ಮೂಡಿದ ಕತಿ, ಊರ ಮಂದೆಲ್ಲಾ ನೆರಳು ಕಳಕೊಂಡ ಕತಿ... ಇನ್ನೂ ಏನೇನೋ ಅದಾವ ಅಂದಿ.

ತಗೋ, ನಿನ್ನ ಪುಸ್ತಕ. ಅರಿವ್ಯಾಗ ಸುತ್ತಿ ತಂದೀನಿ.

ಹ್ಯಾಂಗೈತಿ ಅಂತಿ? ಭಾಳ ಛಲೋ ಐತಿ. ಆದ್ರ ನೀ ದೆವ್ವದ ಕತಿ ಅಂದಿ ನೋಡು, ಅದು ತಪ್ಪು. ಇದು ದೇವರ ಕತಿ... ಯಾಕ ನಗತಿ? ಲಿಂಗಪೂಜಿ ಮುಗಿಸಿ, ಹಣಿಗೆ ವಿಭೂತಿ ಹಚ್ಚಿಕೊಂಡು, ಆಮ್ಯಾಲ ತೆರದೀನಿ ನಾ ಇದನ್ನ.

ಕೇಳು. ಮೊದಲನೇ ಹಾಳ್ಯಾಗ ಒಬ್ಬಾಕಿ ಬಾಗಲದಾಗ ನಿಂತಾಳ. ತಲಿ ಬಿಚ್ಚಿಕೊಂಡು... ಕಣ್ಣಾಗ ಕರಿ ಗುಡ್ಡಿನ ಇಲ್ಲ. ಶಿವಾ ಶಿವಾ! ಮುಂದ ಗೋರಿ. ಅದರ ಮುಂದ ಬಿಳಿ ಅರಿವಿ ಹೊಚ್ಚಿದ ಹೆಣ. ಆಮ್ಯಾಲ ಅದ ಹೆಣ್ಮಗಳು ಹಾಸಿಗ್ಯಾಗ, ಉಸರು ಐತಿ! ಗಂಡ ಆಕಿ ಗುಳಿಗಿ ಎಲ್ಲಾ ಒಂದೊಂದಾಗಿ ಡಬ್ಬ್ಯಾಗ ಹಾಕಿ ಮುಚ್ಚಿಡತಾನ. ಹಾಳಿ ತಿರುವಿದ್ರ ಆಕಿ ಎದ್ದು ಕುಂತಾಳ. ಕಡೀಕ ಅಂಗಳದಾಗ ನಿಂತು, ನಕ್ಕೋತ, ತಲಿ ಬಾಚಿಕೊಳ್ಳಾಕ ಹತ್ತ್ಯಾಳ! ಸತ್ತಾಕಿ ಎದ್ದು ಬಂದಾಳ. ಇದು ದೇವರ ಕತಿ ಅಲ್ದ ಮತ್ತೇನು?

ಒಂದು ಮಾತು ಕೇಳಾಕ ಬಂದೆ. ಡಬ್ಬಿ ಮುಚ್ಚಿದ ಮ್ಯಾಲ ಆಕಿ ಏಳಾಕ ಎಷ್ಟು ದಿನ ಹಿಡೀತು? ನೀ ಅಕ್ಷರ ಓದೀದಿ. ಅದರಾಗ ಬರದಾರೇನು?

ಏ, ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ಯಲ್ಲ! ಏನು? ಹಿಂದ ಮುಂದ ಓದೀನಿ?

ಬಲಗಡಿಯಿಂದ?... ನಿಮ್ಮ ಉರ್ದು ಓದಿದಂಗ? ಜಪಾನಿನವರೂ ಹಂಗ?... ತಡಿ. ತಡಿ ಮಗಳ. ಈ ತಲಿ ಬಾಚಿಕೊಳ್ಳಾಕಿ ಮೊದಲು? ಬಾಗಲದಾಗ ನಿಂತಾಕಿ ಕಡೀಕ? ಹಂಗಾದ್ರ... ಗುಳಿಗಿ ಬಚ್ಚಿಟ್ಟ ಮ್ಯಾಲ ಆಕಿ ಹಾಸಿಗಿ ಹಿಡದ್ಲು? ಆಕಿನ್ನ ಗಂಡನ ಕೊಂದಾನ?

ನಾ ಕನ್ನಡ ಸಾಲಿ ಕಲಿತಾವ, ತಂಗಿ. ಎಡದಿಂದ ಬಲಕ್ಕ. ಬ್ಯಾರೆ ದಿಕ್ಕು ನನಗೇನು ಗೊತ್ತು?

ಇಲ್ಲ, ಏನೂ ಆಗಿಲ್ಲ. ನಿಮ್ಮ ಕಾಕಿ? ಶೇಖರಮ್ಮ ಆರಾಮ ಅದಾಳ. ಮಲಗ್ಯಾಳ. ಮುಂಜಾನಿಂದ ಮಲಗ್ಯಾಳ. ಆ ಎದಿ ಗುಳಿಗಿ ನುಂಗಿದ್ರ ಆಕಿಗೆ ವಾಂತಿ ಬರತಿತ್ತು, ನಿನಗೂ ಗೊತ್ತೈತಿ. "ಸಾಕು ಮಾಡ್ರಿ" ಅಂತ ನನಗ ಕೈ ಮುಗೀತಿದ್ಲು. ಈಗ ವಾಂತಿ ನಿಂತೈತಿ. ಕಾಲು ಒಂದೀಟು ಬಾತಾವ, ಅಷ್ಟ. ತುಟಿ ಒಂದೀಟು ನೀಲಿ...

ಯಾಕ ಎದ್ದು ನಿಂತಿ?

ಈಗಷ್ಟ ನಗತಿದ್ದಿ, ಹಂಗ ನಗು ಮಗಳ. "ಕಾಕಾಗ ಪುಸ್ತಕ ಹಿಡಿಯಾಕ ಬರಂಗಿಲ್ಲ" ಅನ್ನು. ಏನರೆ ಅನ್ನು... ಹಂಗ ನೋಡಬ್ಯಾಡ ನನ್ನ. ಏನಂದಿ? ನಾನೂ ಗುಳಿಗಿ ಮುಚ್ಚಿಟ್ಟೀನೇನು?

ಹೌದು. ದೇವರ ಜಗಲಿ ಮ್ಯಾಲ ಐತಿ ಡಬ್ಬಿ. ಹೋದ ಸೋಮವಾರದಿಂದ ಎಲ್ಲಾ ಅದರಾಗ ಹಾಕೀನಿ. ಇವತ್ತು ಎದ್ದು ಕುಂದರತಾಳ, ನಾಳೆ ಎದ್ದು ಕುಂದರತಾಳ ಅಂತ...

ಓಡು ತಂಗಿ. ನಾ ಮನಿಗೆ ಹೊಂಟೆ, ನೀ ಓಡು! ನಿಮ್ಮಪ್ಪಗ ಆಟೋ ತರಾಕ ಹೇಳು. ಗಂಗಾವತಿ ದವಾಖಾನಿಗೆ ಅನ್ನು. ಡಾಕ್ಟರು ಕೇಳಿದ್ರ ಖರೇನ ಹೇಳು, ನನ್ನ ಹೆಸರು ಹಿಡದು ಹೇಳು. ಮತ್ತ... ಈ ಪುಸ್ತಕ ಯಾರಿಗರೆ ಕೊಡು, ಬ್ಯಾಡ ಅನ್ನಂಗಿಲ್ಲ. ಆದ್ರ ಕೊಡೂಕಿಂತ ಮೊದಲು ಕೊಟ್ರಬಸಪ್ಪ ಇದನ್ನ ಹ್ಯಾಂಗ ಓದಿದ ಅನ್ನೋ ಕತಿ ಹೇಳಿ ಕೊಡು. ಕೇಳಿದವರು ಮತ್ತೊಬ್ಬರಿಗೆ ಹೇಳಲಿ.