ಜಡೆಗೆ ಬಿಸಿನೀರು

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನ ಪಕ್ಕ ಕೂತು ಹೂ ಮಾರುವ ಭಾನು ಕನಕಾಂಬರ ಕಟ್ಟುತ್ತಿದ್ದಳು. ಹಂಗಳದ ರಾಚಮ್ಮ ಮಗಳು ಸಾಕಮ್ಮನ ಜೊತೆ ಬಂದು ಹಿಂದಿನ ಕಲ್ಲುಬೆಂಚಿನ ಮೇಲೆ ಕೂತಳು. ರಾಚಮ್ಮನ ತಲೆಯಲ್ಲಿ ಗಂಟುಗಟ್ಟಿ ಇಳಿಬಿದ್ದಿರುವುದು ಮಾದಪ್ಪಸ್ವಾಮಿಯೇ ಕೊಟ್ಟ ಜಡೆಯೆಂದು ಸುತ್ತಲಿನ ಊರೆಲ್ಲ ನಂಬಿತ್ತು. ಹೋದ ಸೋಮವಾರ ಭಾನುವೂ ಅದನ್ನು ಕಣ್ಣಿಗೊತ್ತಿಕೊಂಡು, ಅವ್ವನ ಕಾಯಿಲೆ ವಾಸಿಯಾಗಲೆಂದು ಬೇಡಿಕೊಂಡಿದ್ದಳು.

“ತಲೆ ಕಿತ್ತೋಗಂಗೆ ಎಳೀತದೆ ಕಣಮ್ಮಿ,” ಎಂದಳು ರಾಚಮ್ಮ ಮಗಳಿಗೆ.

“ಉಣ್ಣೆಗೆ ಬಿಸ್ನೀರು ಉಯ್ಕಬ್ಯಾಡ ಅಂದಿರ್ನಿಲ್ವಾ? ಮುದುರ್ಕಂಡು ಬಿಗ್ದದೆ ನೋಡು.”

ಭಾನುವಿನ ಕೈಯ ಹೂ ಮಡಿಲಿಗೆ ಬಿತ್ತು.

“ಮಂಡೆ ಕಡೀತಿತ್ತು, ಉಯ್ಕಂಡೆ.”

“ತಣ್ಣೀರಿಗೆ ಅಂಟುವಾಳ ಹಾಕಿ ಅದ್ಬೇಕು. ಹಿಂಡ್ಬಾರ್ದು, ಟವಲ್ಲಲ್ಲಿ ಒತ್ತಿ ಬಿಸ್ಲಲ್ಲಿ ಕೂರ್ಬೇಕು. ಎಷ್ಟ್ ಕಿತ ಯೋಳ್ಲಿ?”

“ಸ್ವಾಮಿ ಕೊಟ್ಟಿದ್ದು ಜ್ವರದಲ್ಲಿ ಉದುರೋಯ್ತು, ಇದು ಉಣ್ಣೇದು ಅಂತ ಜನಕ್ಕೆ ಯೋಳ್ಬುಡನ ಕಣಮ್ಮಿ.”

“ಯೋಳ್ಬುಟ್ರೆ ನಮ್ಮನೆ ಬಾಗ್ಲಿಗೆ ನಾಯೂ ಬರಾಕಿಲ್ಲ. ಕಂಬ್ಳಿ ನೇಯೋರ ಹಟ್ಟಿಗೋಗಿ ಉಣ್ಣೆ ತಂದು ಎಣೆದೋಳು ನಾನು.”

“ಹಂಗಾರೆ ನಿನ್ ತಲೇಗೇ ಕಟ್ಕೊ, ಗೊತ್ತಾಯ್ತದೆ.”

“ಮೆತ್ಗೆ ಮಾತಾಡವ್ವ, ಜನ ಅವ್ರೆ.”

ಬಸ್ಸು ಬಂತು. ಸಾಕಮ್ಮ ತಾಯಿಯ ತಲೆಗೆ ಸೆರಗು ಹೊದಿಸಿ ಕೈಹಿಡಿದು ಎಬ್ಬಿಸಿದಳು. ರಾಚಮ್ಮ ಭಾನುವಿನ ಮುಂದೆ ನಿಂತುಬಿಟ್ಟಳು. ದಾರ ಕತ್ತರಿಸುವ ಕತ್ತರಿ ಹೂಬುಟ್ಟಿಯಲ್ಲಿ ಕಾಣುತ್ತಿತ್ತು.

“ಅಮ್ಮಿ, ಅದ್ನ ವಸಿ ಕೊಡು.”

ಭಾನುವಿಗೆ ಕೈಯೇ ಏಳಲಿಲ್ಲ. ಸಾಕಮ್ಮ ತಾಯಿಯನ್ನು ದರದರನೆ ಎಳೆದುಕೊಂಡು ಹೋದಳು. ರಾಚಮ್ಮ ಬಸ್ಸಿನ ಮೆಟ್ಟಿಲ ಮೇಲಿಂದ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

“ಯಾರಾದ್ರೂ ಒಂದು ಕತ್ತರಿ ಕೊಡ್ರಪ್ಪಾ.”