ಮಾಲಕನ ಒಪ್ಪಿಗೆ ಸಾಲದು

ಆಗಲೇ ಎರಡು ಸಲ ಗಡಿಯಾರ ನೋಡಿದ ಅಧ್ಯಕ್ಷರೇ, ಮುಂಡರಗಿಯಿಂದ ದಯಮಾಡಿಸಿದ ಅತಿಥಿಗಳೇ, ನಮ್ಮ ಬೆಟಗೇರಿ ಪ್ರೆಸ್ಸಿನ ಬಳಗವೇ, ಸಭಿಕರೇ,

ಇವತ್ತಿನ ಸನ್ಮಾನ ಮೆಹನಾಜಳಿಗೆ. ಹನ್ನೆರಡು ವರ್ಷದಿಂದ ನಮ್ಮಲ್ಲಿ ಕರಡು ತಿದ್ದುವವಳು. ಆಕೆಯ ಬಗ್ಗೆ ನಾಲ್ಕು ಮಾತು ಆಡಿ ಎಂದರು. ಮಾಲಕನ ಕೈಗೆ ಮೈಕು ಕೊಟ್ಟರೆ ನಾಲ್ಕಕ್ಕೆ ನಿಂತೀತೇ?

ಹೋದ ವರ್ಷ, ಆರ್ಡರು ಬಂದಲ್ಲಿಂದ ಕಟ್ಟು ಕಟ್ಟುವವರೆಗೆ ಕೆಲಸ ತಾನಾಗಿ ಸಾಗುವಂಥ ಒಂದು ಸಾಫ್ಟ್‌ವೇರ್ ತರಬೇಕೆಂದೆ. ಆರಿಸುವ ಜವಾಬ್ದಾರಿ ಮೆಹನಾಜಳದು. ಆಕೆ ಕಂಪ್ಯೂಟರ್ ಮುಟ್ಟಲೇ ಇಲ್ಲ! ನಾಲ್ಕು ದಿನ ಲಗ್ನಪತ್ರಿಕೆಗಳ ಬೆನ್ನು ಹತ್ತಿ, ಅವು ಎಲ್ಲೆಲ್ಲಿ ನಿಲ್ಲುತ್ತವೆಂದು ಬರೆದಳು.

"ಮಾಲಕರ, ಹನ್ನೊಂದು ಕಡೆ ನಿಲ್ಲತಾವ್ರಿ. ಅದರಾಗ ಏಳು ಸಲ ನಿಮ್ಮ ಟೇಬಲ್ ಮ್ಯಾಲ."

ನಾನು ಅಸುಂಡಿಯ ಹೊಲಕ್ಕೆ ಹೋದ ದಿನ ಊರ ಮದುವೆಗಳೆಲ್ಲ ನನ್ನ ಮೇಜಿನ ಮೇಲೆ ಕಾಯುತ್ತಿದ್ದವು. ನಾನೋ, ನನ್ನಿಂದಲೇ ಪ್ರೆಸ್ಸು ನಡೆದಿದೆ ಎಂದು ಬೀಗುತ್ತಿದ್ದೆ!

ಮೊದಲ ಕಂಪನಿಯವರು ಗೋಡೆಯ ತುಂಬ ಬಣ್ಣಬಣ್ಣದ ಚಿತ್ರ ತೋರಿಸಿದರು. ನಾನು ಮರುಳಾದೆ. ಮೆಹನಾಜ ಕೇಳಿದಳು: "ಗಿರಾಕಿ ಒಪ್ಪಿದ ಮ್ಯಾಲ ಮುಹೂರ್ತ ಬದಲಿ ಮಾಡಿದ್ರ ಇದು ಏನ್ ಮಾಡತೈತ್ರಿ?" ಬಂದವರು ನೀರು ಕೇಳಿದರು. ಎರಡನೆಯದನ್ನು ನಡೆಸುವುದಕ್ಕೇ ಒಬ್ಬ ಆಳು ಬೇಕಿತ್ತು. ಕೊನೆಗೆ ಆಕೆ ಒಪ್ಪಿದ್ದು ಬಣ್ಣವಿಲ್ಲದ್ದನ್ನು. ಫೋನಿಗೆ ಕನ್ನಡದಲ್ಲಿ ಕರಡು ಬರುತ್ತದೆ, ಓದಿ 'ಒಪ್ಪಿಗೆ' ಒತ್ತಿದರಾಯಿತು. ಆದರೆ ಒಂದು ನಿಯಮ ಹಾಕಿದಳು: ಮದುವೆ ಮನೆಯವರೂ ಒತ್ತಬೇಕು. ಮಾಲಕನೊಬ್ಬನೇ ಒತ್ತಿದರೆ ಅಚ್ಚಾಗುವುದಿಲ್ಲ.

ನನಗೆ ಸಿಟ್ಟು ಬಂತು. "ಇಪ್ಪತ್ತೆಂಟು ವರ್ಷದ ಪ್ರೆಸ್ಸು ನಂದು! ನನ್ನ ಮಾತು ಸಾಲಂಗಿಲ್ಲೇನು?" ಮೂರು ದಿನ ಆಕೆಯೊಡನೆ ಮಾತು ಬಿಟ್ಟೆ. ಆಕೆ ನಿಯಮ ಬಿಡಲಿಲ್ಲ.

ಮುಂದೆ ನನ್ನ ಮಗಳು ಐಶ್ವರ್ಯಾಳ ಲಗ್ನ ಕೂಡಿ ಬಂತು. ವರ ಲಕ್ಷ್ಮೇಶ್ವರದ ವೀರು. ಮಗಳ ಪತ್ರಿಕೆ ನಾನೇ ತಿದ್ದುತ್ತೇನೆ ಎಂದಿದ್ದೆ; ಕರಡು ಫೋನಿಗೆ ಬಂತು. ಒತ್ತಿದೆ. ಯಂತ್ರ ಅಲುಗಲಿಲ್ಲ. ಮತ್ತೆ ಒತ್ತಿದೆ.

"ಯವ್ವಾ ಮೆಹನಾಜ, ನಿನ್ನ ಸಾಫ್ಟ್‌ವೇರ್ ಮಾಲಕನ ಮಾತು ಕೇಳವಲ್ದು!"

"ಕೇಳತೈತ್ರಿ ಮಾಲಕರ. ಐಶ್ವರ್ಯಾ ಅಕ್ಕಾರು ಇನ್ನೂ ಒತ್ತಿಲ್ರಿ."

ಅಷ್ಟರಲ್ಲಿ ಮಗಳ ಫೋನು. ನಗು ತಡೆಯಲಾರದೆ ಬಿಕ್ಕುತ್ತಿದ್ದಳು. "ಅಪ್ಪಾ, ಖರೆ ಹೇಳು, ನನ್ನ ಮದುವಿ ಯಾರ ಜೋಡಿ? ಇದರಾಗ ಕೊರ್ಲಹಳ್ಳಿ ಮಲ್ಲು ಅಂತ ಐತಲ್ಲ!"

ಹಿಂದಿನ ಪತ್ರಿಕೆಯ ವರ ಹಾಗೇ ಉಳಿದುಬಿಟ್ಟಿದ್ದ! ಏಕೆ ನೋಡಲಿಲ್ಲ? ಸಭಿಕರೇ, ನಾನು ಓದಿರಲೇ ಇಲ್ಲ. 'ಚಿರಂಜೀವಿ ಸೌಭಾಗ್ಯವತಿ ಐಶ್ವರ್ಯಾ' ಎಂಬಲ್ಲಿಗೇ ಕಣ್ಣು ಮಂಜಾಗಿ, ಸುಮ್ಮನೆ ಒತ್ತಿದ್ದೆ. ಅಲ್ಲಿ ನನ್ನ ಮನೆಯಾಕೆ ನಗುತ್ತಿದ್ದಾಳೆ. ಸುಮಿತ್ರವ್ವಾ, ನಗಬ್ಯಾಡ, ಈ ಮಾತು ನಿನಗೂ ಹೇಳಿರಲಿಲ್ಲ.

ಹೋದ ವಾರ ಮದುವೆಯಾಯಿತು. ವೀರುವಿನ ಜೊತೆಗೇ! ಅಳಿಯಂದಿರು ಅಲ್ಲಿ ಮೂರನೇ ಸಾಲಿನಲ್ಲಿದ್ದಾರೆ, ಬೇಕಾದರೆ ನೋಡಿಕೊಳ್ಳಿ.

ಮೆಹನಾಜ ಇಂದಿನಿಂದ ಪ್ರೆಸ್ಸಿನ ಮ್ಯಾನೇಜರ್. ಚಪ್ಪಾಳೆ ಬರಲಿ, ಇನ್ನೂ ಜೋರಾಗಿ! ನಾನೋ? ನಾಳೆ ಮುಂಜಾನೆ ಒಂಬತ್ತರ ತನಕ ಮಲಗುತ್ತೇನೆ. ಯಾರೂ ಎಬ್ಬಿಸಬೇಡಿ.

ಇಷ್ಟು ಹೊತ್ತು ಸಹಿಸಿಕೊಂಡಿರಿ, ದೊಡ್ಡ ಮನಸ್ಸು ನಿಮ್ಮದು. ಎಲ್ಲರಿಗೂ ಕೈಮುಗಿದು ನಮಸ್ಕಾರ.