ಬ್ಲರ್ ಹನ್ನೆರಡು

ದೀಪ ಆರಿಸಬೇಡಿ, ಹಾಗೇ ಕೇಳಿ. ಕಟ್ಟುಕತೆ ಅಲ್ಲ ಇದು. ನಮ್ಮ ಪಕ್ಕದ ಮನೆ ಹುಡುಗಿಗೇ ಆಗಿದ್ದು.

ಬಾಡಿಗೆ ಮನೆ ತೋರಿಸೋ ಆ್ಯಪ್ ಒಂದರಲ್ಲಿ ಅವಳಿಗೆ ಕೆಲಸ. ಫೋಟೋ ತೆಗೆಯೋಳೂ ಅವಳೇ, ಅದನ್ನ ಪರದೆ ಮೇಲೆ ಜೋಡಿಸೋಳೂ ಅವಳೇ. ಅವತ್ತು ಕತ್ತಲಾಗೋ ಹೊತ್ತಿಗೆ ಮನೆಗೆ ನಡೆದು ಬರ್ತಾ, ದಾರಿಯಲ್ಲಿದ್ದ ಖಾಲಿ ಮನೆಯೊಂದರ ಫೋಟೋ ತೆಗೆದಳು. ಮುಂದೆ ಅಂಗಳ, ಅಂಗಳದಲ್ಲಿ ಬಾವಿ. ಒಂದು ನರಪಿಳ್ಳೆಯೂ ಇರಲಿಲ್ಲ. ಬಾವಿಯ ರಾಟೆ ಮಾತ್ರ... ಕಿರ್ರ್... ಅಂತ ಒಂದೇ ಸಲ ಸದ್ದು ಮಾಡಿ ಸುಮ್ಮನಾಯ್ತು. ಗಾಳಿ ಇರಬೇಕು ಅಂದುಕೊಂಡಳು.

ಮನೆ ಚೆನ್ನಾಗಿತ್ತು. ಅವಳ ಅಕ್ಕನೂ ಮನೆ ಹುಡುಕ್ತಿದ್ದಳು. ಒಂದ್ಸಲ ನೋಡ್ಕೊಂಡು ಬಾ ಅಂತ ಇವಳೇ ಅಕ್ಕನಿಗೆ ಹೇಳಿದಳು.

ಮಾರನೇ ದಿನ, ಹಾಡಹಗಲು, ಮೂರು ಗಂಟೆ. ಆಫೀಸಲ್ಲಿ ಆ ಫೋಟೋದ ಕೆಳಭಾಗದಲ್ಲಿ ವಿಳಾಸ ಹಾಕ್ತಿದ್ದಳು. ಬಾವಿಯ ಕಲ್ಲುಗಳ ಮೇಲೆ ಅಕ್ಷರ ಕಾಣ್ತಾನೇ ಇರಲಿಲ್ಲ. ಅದಕ್ಕೆ ಅಕ್ಷರದ ಹಿಂದಿನ ಪಟ್ಟಿಯಷ್ಟನ್ನೇ ಬ್ಲರ್ ಮಾಡಿ ಮಸುಕಾಗಿಸಿದಳು. ಮಸುಕಿನ ಅಳತೆ ನಾಲ್ಕು.

ಆ ಮಸುಕಲ್ಲಿ, ಬಾವಿ ಪಕ್ಕ ಯಾರೋ ಬಗ್ಗಿದ್ದರು.

ಬ್ಲರ್ ತೆಗೆದಳು. ಬರೀ ಬಾವಿ.

ಬ್ಲರ್ ಎಂಟು ಕೊಟ್ಟಳು... ಬಗ್ಗಿದ್ದ ಆಕಾರ ನೆಟ್ಟಗೆ ನಿಂತಿತ್ತು. ಪಕ್ಕದ ಮೇಜಿನವನನ್ನ ಕರೆದಳು.

"ಇಲ್ಲಿ... ಯಾರಾದ್ರೂ ಕಾಣ್ತಾರಾ?"

"ಹೆಂಗಸು," ಅಂದ ಅವನೂ ಪಿಸುಮಾತಲ್ಲೇ. "ತೆಗೀ ಅದನ್ನ."

ಕೈ ಮಾತು ಕೇಳಲಿಲ್ಲ. ಹನ್ನೆರಡು ಕೊಟ್ಟಳು. ಈಗ ಆ ಹೆಂಗಸಿನ ಕೈ ಹಿಡಿದು ಪುಟ್ಟದೊಂದು ಹಳದಿ ಆಕಾರ. ಅಕ್ಕನ ಮಗಳು ಪುಟ್ಟಿಗೆ ಅವಳೇ ಕೊಡಿಸಿದ್ದ ಹಳದಿ ಫ್ರಾಕು!

ತಕ್ಷಣ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಎಲ್ಲಿದೀಯ?"

"ನೀ ಹೇಳಿದ ಮನೇಲೇ ಕಣೇ. ಅಡುಗೆಮನೆ ನೋಡ್ತಿದೀನಿ."

"ಪುಟ್ಟಿ?"

"ಅಂಗಳದಲ್ಲಿ ಆಡ್ತಿದಾಳೆ..."

ಫೋನಿನ ಆ ಕಡೆ, ದೂರದಲ್ಲಿ... ಕಿರ್ರ್... ಕಿರ್ರ್... ಕಿರ್ರ್...

"ಅಕ್ಕಾ, ಓಡು!"

ಅಕ್ಕ ಬಿದ್ದಂಬೀಳ ಓಡಿದಳು. ಮೂರು ವರ್ಷದ ಕೂಸು ಬಾವಿಕಟ್ಟೆ ಮೇಲೆ ನಿಂತಿತ್ತು. ಬಲಗೈ ಮೇಲಕ್ಕೆತ್ತಿ... ಯಾರದೋ ಬೆರಳು ಹಿಡಿದ ಹಾಗೆ. ಸೊಂಟಕ್ಕೆ ಕೈ ಹಾಕಿ ಎಳೆದುಕೊಂಡಳು. ಅರೆಗಳಿಗೆ ತಡವಾಗಿದ್ರೂ ಮಗು ದಕ್ಕುತ್ತಿರಲಿಲ್ಲ.

ಆ ಮನೆ ಬೇಡ ಅಂದರು. ಆ್ಯಪಿನಿಂದಲೂ ತೆಗೆಸಿದರು. ಅದೆಲ್ಲ ಇರಲಿ... ಬಾವಿಕಟ್ಟೆ ಕೆಳಗೆ ಪುಟ್ಟಿಯ ಚಪ್ಪಲಿ ಜೋಡಿಸಿಟ್ಟಿತ್ತು. ಬಕಲ್ ಬಿಚ್ಚಿ, ಕಾಲಿಂದ ತೆಗೆದು, ಮತ್ತೆ ಬಕಲ್ ಹಾಕಿ. ಆ ಬಕಲ್ ಬಿಚ್ಚೋಕೆ ಮಗುವಿಗೆ ಇವತ್ತಿಗೂ ಬರಲ್ಲ. ಬೇಕಾದ್ರೆ ನಾಳೆ ಬನ್ನಿ, ಪಕ್ಕದ ಮನೇಲಿ ನೀವೇ ಕೇಳಿ.